ನಿಮ್ಮ ಕಾವಲಿಗೆ ನೀವೇ ನಿಲ್ಲಬೇಕು, ಡಾಕ್ಟರರೇ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ಊರುಗಳಲ್ಲಿ ಸ್ಪೆಷಲಿಸ್ಟ್ ಎಂದು ಬೋರ್ಡು ಹಾಕಿ ಕೂತಿರುವ ವೈದ್ಯರಿಗೂ ದಂತವೈದ್ಯರಿಗೂ ನಾಲ್ಕು ಮಾತು ಹೇಳುವುದಿದೆ. ಓದಿನಲ್ಲಿ ನೀವು ದೊಡ್ಡವರು, ವಯಸ್ಸಿನಲ್ಲಿ ನಾನು ಹಿರಿಯಳು. ಸ್ವಲ್ಪ ಗದರಿದರೂ ಬೇಸರ ಮಾಡಿಕೊಳ್ಳಬೇಡಿ. ನೀವು ಒಳ್ಳೆಯವರೆಂಬ ನಂಬಿಕೆ ಇರುವುದಕ್ಕೇ ಹೇಳುತ್ತಿದ್ದೇನೆ.

1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾದ ಕಾಲಕ್ಕೆ ದೊಡ್ಡ ಕಾಯಿಲೆ ಎಂದರೆ ಹುಬ್ಬಳ್ಳಿಗೋ ಬಳ್ಳಾರಿಗೋ ಬಸ್ಸು ಹತ್ತಬೇಕಿತ್ತು. ಈಗ ಕೊಪ್ಪಳದಲ್ಲೇ ವೈದ್ಯಕೀಯ ಕಾಲೇಜಿದೆ. ಗಂಗಾವತಿಯಲ್ಲಿ ಭತ್ತದ ರೊಕ್ಕದ ಜೊತೆಗೆ ನರ್ಸಿಂಗ್ ಹೋಮ್‌ಗಳೂ ಬೆಳೆದಿವೆ. ಕುಷ್ಟಗಿ, ಯಲಬುರ್ಗಾದಲ್ಲೂ ಎಲುಬಿನ ಡಾಕ್ಟರು, ಹೆರಿಗೆ ಡಾಕ್ಟರು, ಹಲ್ಲಿನ ಡಾಕ್ಟರು ಬಂದಿದ್ದೀರಿ. ಬಂದದ್ದು ನಮ್ಮ ಪುಣ್ಯ. ಆದರೆ ಬೆಂಗಳೂರಿನ ರೋಗಿಗೆ ಒಬ್ಬರ ಮಾತು ಒಪ್ಪದಿದ್ದರೆ ಮುಂದಿನ ರಸ್ತೆಯಲ್ಲಿ ಇನ್ನೊಬ್ಬರು ಸಿಗುತ್ತಾರೆ. ಇಲ್ಲಿ ಎಷ್ಟೋ ಸಲ ಆ ವಿಭಾಗಕ್ಕೆ ಇಡೀ ತಾಲೂಕಿಗೆ ನೀವೊಬ್ಬರೇ. ನೀವು ಕೊಯ್ಯಬೇಕು ಎಂದರೆ ಕೊಯ್ಯಬೇಕು, ಕೀಳಬೇಕು ಎಂದರೆ ಕೀಳಬೇಕು. ವೈದ್ಯರ ಕೌನ್ಸಿಲ್ ಇರುವುದು ಬೆಂಗಳೂರಿನಲ್ಲಿ, ರೋಗಿ ಇರುವುದು ಹನುಮಸಾಗರದಲ್ಲಿ. ಅಲ್ಲಿಂದ ಅಲ್ಲಿಗೆ ಯಾರೂ ದೂರು ಹೊತ್ತುಕೊಂಡು ಹೋಗುವುದಿಲ್ಲ. ನಿಮ್ಮನ್ನು ಕೇಳುವವರು ಕಡಿಮೆ ಇರುವುದರಿಂದಲೇ ನಿಮ್ಮ ಕಾವಲಿಗೆ ನೀವೇ ನಿಲ್ಲಬೇಕು. ಬೇಲಿಯೇ ಎದ್ದು ಹೊಲ ಮೇಯಬಾರದು.

ಮೊದಲು ಬೋರ್ಡಿನಿಂದ ಶುರುಮಾಡೋಣ. ಯಾವ ವಿಭಾಗದಲ್ಲಿ ಪದವಿ ಪಡೆದಿದ್ದೀರೋ ಅದರ ಹೆಸರನ್ನು ಮಾತ್ರ ಹಾಕಿ. ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಮುಗಿಸಿ ಹೃದಯ ತಜ್ಞ, ಸಕ್ಕರೆ ಕಾಯಿಲೆ ತಜ್ಞ ಎಂದು ಬರೆಸಬೇಡಿ. ವೈದ್ಯರ ನಡತೆಗೆ ಸಂಬಂಧಿಸಿದ 2002ರ ನಿಯಮಗಳು ಇದನ್ನು ಸ್ಪಷ್ಟವಾಗಿ ಹೇಳಿವೆ. 2023ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮ ಹೊರಡಿಸಿ ಅದೇ ವರ್ಷದ ಆಗಸ್ಟ್‌ನಲ್ಲಿ ತಡೆಹಿಡಿದ ಮೇಲೆ ಹಳೆಯವೇ ನಡೆದುಕೊಂಡು ಬಂದಿವೆ. ದಂತವೈದ್ಯರಿಗೆ 2014ರ ನೀತಿಸಂಹಿತೆ ಬೇರೆಯೇ ಇದೆ. ಎರಡನ್ನೂ ಪರೀಕ್ಷೆಗೆ ಓದಿ ಮರೆತಿದ್ದರೆ ಮತ್ತೊಮ್ಮೆ ತೆರೆದು ನೋಡಿ. ಚೀಟಿಯ ಮೇಲೆ ನಿಮ್ಮ ನೋಂದಣಿ ಸಂಖ್ಯೆ ಇರಲಿ. ಫೀ ಎಷ್ಟೆಂದು ಕನ್ನಡದಲ್ಲಿ, ಬಾಗಿಲಲ್ಲೇ ಕಾಣುವ ಹಾಗೆ ಬರೆಸಿ. ಒಳಗೆ ಹೋಗಿ ತೋರಿಸಿಕೊಂಡ ಮೇಲೆ ರೊಕ್ಕ ಸಾಲದೆ ಸೆರಗಿನ ಗಂಟು ಬಿಚ್ಚಿ ಎಣಿಸುವ ಹೆಣ್ಣುಮಗಳ ಮುಖ ನೋಡಿದವರು ಇದನ್ನು ಸಣ್ಣ ವಿಷಯ ಎನ್ನಲಾರರು.

ಇನ್ನು ಹೊತ್ತಿನ ವಿಷಯ. ಹತ್ತು ಗಂಟೆಗೆ ಎಂದು ಬೋರ್ಡಿನಲ್ಲಿ ಬರೆದು ಹನ್ನೆರಡಕ್ಕೆ ಬರುವ ಚಾಳಿ ಬಿಡಿ. ನಿಮ್ಮ ಬೆಂಚಿನ ಮೇಲೆ ಕೂತವರು ಒಂದು ದಿನದ ಕೂಲಿ ಬಿಟ್ಟು, ಬೆಳಗಿನ ಬಸ್ಸಿಗೆ ಬಂದವರು. ಸಂಜೆಯ ಬಸ್ಸು ತಪ್ಪಿದರೆ ಅವರಿಗೆ ಬಸ್ ಸ್ಟ್ಯಾಂಡೇ ಗತಿ. ಬಂದವರ ಜೊತೆ ಎರಡು ಮಾತಾಡಿ. ಹೊರಗೆ ಬಂದವರನ್ನು "ಡಾಕ್ಟರ್ ಏನಂದ್ರು?" ಎಂದು ಕೇಳಿದರೆ "ಏನೋ ಅಂದ್ರವಾ, ತಿಳೀಲಿಲ್ಲ" ಎನ್ನುತ್ತಾರೆ. ಇದು ಅವರ ದಡ್ಡತನ ಎಂದುಕೊಳ್ಳಬೇಡಿ. ನೀವು ಅರ್ಧ ಇಂಗ್ಲಿಷಿನಲ್ಲಿ, ಚೀಟಿ ಬರೆಯುತ್ತಲೇ ಹೇಳಿದಿರಿ. ಏನಾಗಿದೆ, ಯಾಕೆ ಈ ಔಷಧ, ಎಷ್ಟು ದಿನ, ಏನಾದರೆ ತಿರುಗಿ ಬರಬೇಕು, ಈ ನಾಲ್ಕನ್ನು ಅವರ ಮಾತಿನಲ್ಲಿ ಹೇಳಿ, ಅವರ ಬಾಯಿಂದ ಒಮ್ಮೆ ತಿರುಗಿ ಹೇಳಿಸಿ. ಎರಡು ನಿಮಿಷ ಸಾಕು. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು ದವಾಖಾನೆಗೂ ಸಲ್ಲುತ್ತದೆ.

ಸಹಿಯ ವಿಷಯಕ್ಕೆ ಬರೋಣ. ಆಪರೇಷನ್‌ಗೆ ಮುಂಚೆ ನರ್ಸ್ ಒಂದು ಖಾಲಿ ಫಾರಂ ತಂದು "ಇಲ್ಲಿ ಹೆಬ್ಬೆಟ್ಟು ಒತ್ರಿ" ಎನ್ನುವುದಕ್ಕೆ ಒಪ್ಪಿಗೆ ಎನ್ನುವುದಿಲ್ಲ. ಏನು ಮಾಡುತ್ತೀರಿ, ಬೇರೆ ದಾರಿ ಇದೆಯೇ, ಮಾಡಿಸಿಕೊಳ್ಳದಿದ್ದರೆ ಏನಾಗುತ್ತದೆ, ಖರ್ಚೆಷ್ಟು ಎಂದು ನೀವೇ ಕೂತು ಹೇಳಿ. ರೋಗಿ ಪ್ರಾಪ್ತ ವಯಸ್ಸಿನ ಹೆಣ್ಣುಮಗಳಾದರೆ, ಎಚ್ಚರವಿದ್ದರೆ, ಸಹಿ ಅವಳದೇ ಆಗಬೇಕು. ಗಂಡನನ್ನು ಕರೆಸಿ, ಮಾವನನ್ನು ಕೇಳಿ ಅವಳನ್ನು ಮಾತ್ರ ಕೇಳದೆ ಬಿಡಬೇಡಿ. 2008ರಲ್ಲಿ ಸುಪ್ರೀಂ ಕೋರ್ಟ್ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಇದನ್ನೇ ಹೇಳಿತು. ಒಳಗೇನಿದೆ ಎಂದು ನೋಡಲು ಮಾತ್ರ ಆಕೆ ಒಪ್ಪಿದ್ದರು. ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ತೆಗೆದುಬಿಟ್ಟಿದ್ದರು. ನೋಡಲು ಕೊಟ್ಟ ಒಪ್ಪಿಗೆ ತೆಗೆಯಲು ಆಗುವುದಿಲ್ಲ, ಜೀವಕ್ಕೆ ಕೂಡಲೇ ಅಪಾಯವಿಲ್ಲದಿದ್ದರೆ ರೋಗಿ ಎಚ್ಚರಾಗುವವರೆಗೆ ಕಾಯಬೇಕು ಎಂದಿತು ಕೋರ್ಟು.

ಗರ್ಭಚೀಲದ ಮಾತು ಬಂತು, ಹೆರಿಗೆ ಡಾಕ್ಟರರು ಇನ್ನೊಂದು ನಿಮಿಷ ಕೇಳಿ. ನಮ್ಮದೇ ಕಲ್ಯಾಣ ಕರ್ನಾಟಕದ ಕಲಬುರಗಿ ಜಿಲ್ಲೆಯಲ್ಲಿ 2015ರ ಸುಮಾರಿಗೆ ಏನಾಯಿತೆಂದು ನೆನಪಿದೆಯಲ್ಲ? ಹೊಟ್ಟೆನೋವು, ಬಿಳಿ ಹೋಗುವುದು ಎಂದು ಬಂದ ಬಡ ಹೆಣ್ಣುಮಕ್ಕಳಿಗೆ, ಅದರಲ್ಲೂ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳಿಗೆ, ಕ್ಯಾನ್ಸರ್ ಎಂದು ಹೆದರಿಸಿ ಗರ್ಭಚೀಲ ತೆಗೆದರೆಂಬ ದೂರು ಎದ್ದಿತು. ಸರಕಾರ ತನಿಖೆ ಮಾಡಿಸಿತು, ಹೆಣ್ಣುಮಕ್ಕಳು ಬೀದಿಗಿಳಿದರು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೂ ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಎಲ್ಲ ರಾಜ್ಯಗಳಿಗೆ ಆದೇಶ ಕೊಟ್ಟಿತು. ಗುಳಿಗೆಯಲ್ಲಿ ವಾಸಿಯಾಗುವ ಸೋಂಕಿಗೆ ಚಾಕು ಹಿಡಿಯಬೇಡಿ. ಮೂವತ್ತು, ಮೂವತ್ತೈದರ ವಯಸ್ಸಿಗೆ ಗರ್ಭಚೀಲದ ಜೊತೆ ಅಂಡಾಶಯವನ್ನೂ ಕಳೆದುಕೊಂಡವಳ ಎಲುಬು ಬೇಗ ಸವೆಯುತ್ತದೆ, ಹೃದಯಕ್ಕೂ ಅಪಾಯ ಹೆಚ್ಚು ಎಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಅವಳಿಗೆ ಅದನ್ನು ಹೇಳಿ. ಬಹಳ ಸಲ ಅವಳೇ "ತೆಗೆದುಬಿಡ್ರಿ, ಕಾಟ ತಪ್ಪತೈತಿ" ಎನ್ನುತ್ತಾಳೆ. ಆಗಲೂ ತಡೆಯುವವರು ನೀವೇ ಆಗಬೇಕು. ಸಂಶಯವಿದ್ದರೆ ಇನ್ನೊಬ್ಬ ತಜ್ಞರಿಗೆ ತೋರಿಸಲು ನೀವೇ ಬರೆದುಕೊಡಿ.

ಈಗ ರೊಕ್ಕದ ಮಾತು. ಯಲಬುರ್ಗಾ ಕಡೆಯ ಒಬ್ಬ ಅಜ್ಜಿಯ ಕೈಚೀಲವನ್ನು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಬಿಚ್ಚಿ ನೋಡಿದ್ದೇನೆ. ಬಟ್ಟೆ ಅಂಗಡಿಯ ಹಳೆಯ ಚೀಲ. ಒಳಗೆ ಒಂದೇ ಮೊಣಕಾಲಿನ ಎರಡು ಎಕ್ಸ್-ರೇ, ಒಂದರ ಹಿಂದೊಂದು ವಾರದಲ್ಲಿ ತೆಗೆದವು. ಮೂವರು ಡಾಕ್ಟರರ ಚೀಟಿ. ಮೂರರಲ್ಲೂ ಬೇರೆ ಬೇರೆ ಹೆಸರಿನ ನೋವಿನ ಗುಳಿಗೆ, ಗುಳಿಗೆಯ ಹಾಳೆಯ ಹಿಂದಿನ ಸಣ್ಣ ಅಕ್ಷರ ಓದಿದರೆ ಮೂರೂ ಡೈಕ್ಲೋಫೆನಾಕ್. ಮೂರನ್ನೂ ದಿನಾ ನುಂಗುತ್ತಿದ್ದಳು. ಹೊಟ್ಟೆ ಉರಿಯುತ್ತದೆ ಎಂದು ನಾಲ್ಕನೆಯ ಡಾಕ್ಟರರ ಕಡೆ ಹೊರಟಿದ್ದಳು. ಆ ಮೂವರಲ್ಲಿ ಒಬ್ಬರಾದರೂ "ಚೀಲದಾಗ ಏನೈತಿ ತಗೀರಿ, ನೋಡೋಣ" ಎಂದಿದ್ದರೆ ಅವಳ ಹೊಟ್ಟೆ ಉಳಿಯುತ್ತಿತ್ತು, ಗಂಟೂ ಉಳಿಯುತ್ತಿತ್ತು.

ಆದ್ದರಿಂದ ಹೊಸ ಪರೀಕ್ಷೆ ಬರೆಯುವ ಮುಂಚೆ ಹಳೆಯ ಫೈಲು ನೋಡಿ. ಔಷಧವನ್ನು ಜನರಿಕ್ ಹೆಸರಿನಲ್ಲಿ, ಓದಲು ಬರುವ ಅಕ್ಷರದಲ್ಲಿ ಬರೆಯಿರಿ. 2016ರಲ್ಲಿ ತಿದ್ದಿದ ನಿಯಮ ದೊಡ್ಡಕ್ಷರದಲ್ಲಿ ಬರೆದರೆ ಒಳ್ಳೆಯದು ಎನ್ನುತ್ತದೆ. ಸ್ಕ್ಯಾನಿಂಗ್ ಸೆಂಟರಿನಿಂದ, ಲ್ಯಾಬಿನಿಂದ, ಔಷಧ ಅಂಗಡಿಯಿಂದ ಬರುವ ಕಮಿಷನ್ ಮುಟ್ಟಬೇಡಿ. ರೋಗಿಯನ್ನು ಕಳಿಸಿದರೆಂದು ಹಳ್ಳಿಯ ಆರ್‌ಎಂಪಿಗೋ ಆಂಬುಲೆನ್ಸ್ ಚಾಲಕನಿಗೋ ಕವರ್ ಕೊಡುವುದೂ ಅಷ್ಟೇ ತಪ್ಪು. ಕೊಟ್ಟ ಕಮಿಷನ್ ಆಕಾಶದಿಂದ ಬೀಳುವುದಿಲ್ಲ, ಶೇಂಗಾ ಮಾರಿದವನ ಬಿಲ್ಲಿಗೇ ಸೇರುತ್ತದೆ. ಔಷಧ ಕಂಪನಿಯವರ ಉಡುಗೊರೆ, ವಿದೇಶ ಪ್ರವಾಸವನ್ನು 2009ರಲ್ಲೇ ನಿಷೇಧಿಸಲಾಗಿದೆ. "ಎಲ್ಲರೂ ತಗೋತಾರೆ" ಎನ್ನಬೇಡಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ.

ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಅದನ್ನು ಮೊದಲೇ ತಿಳಿಸಿ. ಸರಕಾರಿ ಆಸ್ಪತ್ರೆಯ ರೆಫರಲ್ ಬೇಕಿದ್ದರೆ ಎಲ್ಲಿ, ಯಾರನ್ನು ಕೇಳಬೇಕೆಂದು ದಾರಿ ತೋರಿಸಿ. ಯೋಜನೆಯಲ್ಲಿ ಸೇರಿಸಿಕೊಂಡು ಮೇಲೆ ಕೈಯಿಂದಲೂ ವಸೂಲು ಮಾಡಬೇಡಿ. ಸರಕಾರಿ ಆಸ್ಪತ್ರೆಯ ಸಂಬಳ ಪಡೆಯುವವರು ಓಪಿಡಿಯ ಹೊತ್ತಿನಲ್ಲಿ ಓಪಿಡಿಯಲ್ಲೇ ಇರಿ, ಅಲ್ಲಿಂದ ರೋಗಿಯನ್ನು ಸಂಜೆಯ ಕ್ಲಿನಿಕ್ಕಿಗೆ ಕರೆಯಬೇಡಿ.

ಸೂಜಿ, ಸಲೈನ್ ಕೇಳುವ ರೋಗಿಗಳಿಗೆ ಸೋಲಬೇಡಿ. "ಬಾಟ್ಲಿ ಹಚ್ಚಿದ್ರ ಶಕ್ತಿ ಬರತೈತಿ" ಎಂದು ಅವರು ಪಟ್ಟು ಹಿಡಿಯುವುದು ನಿಜ. ಆದರೆ ಅವರಿಗೆ ಆ ರೂಢಿ ಮಾಡಿಸಿದವರು ಯಾರು? ಬೇಡದ ಸಲೈನ್, ಬೇಡದ ಆಂಟಿಬಯೋಟಿಕ್, ತಟ್ಟನೆ ನೋವು ಇಳಿಸಿ ಹೆಸರು ಗಳಿಸಲು ಕೊಡುವ ಸ್ಟೀರಾಯ್ಡ್ ಇವೆಲ್ಲ ಆಮೇಲೆ ರೋಗಿಯ ಮೈಗೇ ಬೀಳುತ್ತವೆ. ಉಪ್ಪು, ಸಕ್ಕರೆ, ನೀರು ಸಾಕಾದ ಕಡೆ ಅಷ್ಟೇ ಹೇಳುವ ಧೈರ್ಯ ಇರಲಿ. ಒಂದಿಬ್ಬರು ಮುನಿಸಿಕೊಂಡು ಹೋಗುತ್ತಾರೆ, ಹೋಗಲಿ.

ಹಲ್ಲಿನ ಡಾಕ್ಟರರೇ, ನಿಮಗೆ ಬೇರೆಯಾಗಿಯೇ ಹೇಳಬೇಕು. ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಒಳ್ಳೆಯದು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ಎಂಬುದು ಲೆಕ್ಕ. ಅದನ್ನು ಮೀರಿದ ನೀರು ಕುಡಿದು ಬೆಳೆದ ಮಗು ಬಾಯಿ ತೆರೆದಾಗ ಮುಂದಿನ ಹಲ್ಲುಗಳ ಮೇಲೆ ಅಡ್ಡಕ್ಕೆ ಕಂದು ಪಟ್ಟೆ, ಸುಣ್ಣ ಬಳಿದಂಥ ಬಿಳಿ ಮಚ್ಚೆ ಕಾಣುತ್ತದೆ. ಆ ಹುಡುಗಿ ನಗುವಾಗ ಕೈ ಅಡ್ಡ ಇಟ್ಟುಕೊಳ್ಳುತ್ತಾಳೆ. ಅವಳನ್ನು ಕುರ್ಚಿಯಲ್ಲಿ ಕೂರಿಸಿ "ಏನು, ಹಲ್ಲು ಉಜ್ಜೋದಿಲ್ಲೇನು?" ಎಂದು ಗದರುವವರಿದ್ದಾರೆ. ಹಾಗೆ ಅನ್ನಬೇಡಿ. ಹಲ್ಲು ಒಳಗೆ ಬೆಳೆಯುವ ಕಾಲಕ್ಕೇ ಬಿದ್ದ ಕಲೆ ಅದು, ಉಜ್ಜಿದರೆ ಹೋಗುವುದಲ್ಲ. ತಪ್ಪು ನೀರಿನದು, ಮಗುವಿನದಲ್ಲ. ಊರು ಯಾವುದು, ಕುಡಿಯುವ ನೀರು ಎಲ್ಲಿಯದು ಎಂದು ಕೇಳಿ. ಮನೆಯಲ್ಲಿ ಚಿಕ್ಕ ತಮ್ಮ, ತಂಗಿ ಇದ್ದರೆ ಶುದ್ಧ ನೀರಿನ ಘಟಕದ ನೀರನ್ನೇ ಕುಡಿಸಲು ಹೇಳಿ. ಅವರ ಹಲ್ಲನ್ನು ಇನ್ನೂ ಉಳಿಸಬಹುದು. ಒಂದೇ ಊರಿನಿಂದ ಹತ್ತು ಮಕ್ಕಳು ಹಾಗೆ ಬಂದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ಒಂದು ಪತ್ರ ಬರೆಯಿರಿ. ಮದುವೆ ಹತ್ತಿರ ಬಂದ ಹುಡುಗಿಯ ಚಿಂತೆಯನ್ನು ಬಂಡವಾಳ ಮಾಡಿಕೊಂಡು ಗಟ್ಟಿ ಹಲ್ಲುಗಳನ್ನು ತೇಯ್ದು ಸಾಲಾಗಿ ಕ್ಯಾಪ್ ಹಾಕಬೇಡಿ. ಕಡಿಮೆ ಖರ್ಚಿನ, ಕಡಿಮೆ ಹಾನಿಯ ದಾರಿಯನ್ನು ಮೊದಲು ಹೇಳಿ.

ಉಳಿಸಬಹುದಾದ ಹಲ್ಲನ್ನು ಕೀಳಬೇಡಿ, ಕೀಳಲೇಬೇಕಾದ ಹಲ್ಲಿಗೆ ರೂಟ್ ಕೆನಾಲ್ ಎಂದು ನಾಲ್ಕು ಸಲ ಅಲೆಸಬೇಡಿ. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಎಂದು ಹೆದರಿ ಕೆನ್ನೆ ಬಾತ ಮೇಲೆ ಬರುವವರಿಗೆ ನಗದೆ ತಿಳಿಹೇಳಿ. ಗುಟ್ಕಾ, ತಂಬಾಕು ಹಾಕುವವರು ಯಾವ ಕಾರಣಕ್ಕೆ ಬಂದರೂ ಕೆನ್ನೆಯ ಒಳಮೈ, ನಾಲಿಗೆಯ ಅಂಚು ನೋಡಿಯೇ ಕಳಿಸಿ. ಬಾಯಲ್ಲಿ ಮೂರು ಬೆರಳು ನಿಲ್ಲದಷ್ಟು ಬಿಗಿತವಿದ್ದರೆ, ಎರಡು ವಾರ ಕಳೆದರೂ ಮಾಯದ ಹುಣ್ಣಿದ್ದರೆ ಮುಲಾಮು ಕೊಟ್ಟು ಸಾಗಹಾಕಬೇಡಿ, ಬಯಾಪ್ಸಿಗೆ ಕಳಿಸಿ. ಸಲಕರಣೆಗಳನ್ನು ಬಿಸಿನೀರಲ್ಲಿ ಅದ್ದಿ ತೆಗೆದರೆ ಶುದ್ಧವಾಗುವುದಿಲ್ಲ. ಪ್ರತಿ ರೋಗಿಗೂ ಆಟೋಕ್ಲೇವ್ ಮಾಡಿದ್ದನ್ನೇ, ಕವರು ಅವರ ಕಣ್ಣೆದುರೇ ಹರಿದು ಬಳಸಿ. ಕರೆಂಟು ಹೋಗಿತ್ತು ಎಂಬ ನೆಪ ರೋಗಾಣುವಿಗೆ ತಿಳಿಯುವುದಿಲ್ಲ. ಬಳಸಿದ ಸೂಜಿಯನ್ನು ಚುಚ್ಚಿ ಹೊರಬರದ ಬಿಳಿ ಡಬ್ಬಿಗೆ ಹಾಕಿ. ನಿಮ್ಮ ಕಸ ಎತ್ತುವ ಪೌರಕಾರ್ಮಿಕಳ ಕೈಗೂ ನೀವೇ ಜವಾಬ್ದಾರರು.

ಗುಟ್ಟಿನ ಮಾತು ಎಲ್ಲರೂ ಕೇಳಿ. ಸಣ್ಣ ಊರು, ಒಬ್ಬರಿಗೊಬ್ಬರು ಬೀಗರು, ಪರಿಚಯದವರು. ಒಬ್ಬರಿಗೆ ಎಚ್‌ಐವಿ ಇದೆ ಎಂದು ಕಾಂಪೌಂಡರ್ ಬಾಯಿಗೆ ಬಿದ್ದರೆ ಸಂಜೆಯೊಳಗೆ ಊರಿಗೆ ಗೊತ್ತು. 2017ರ ಎಚ್‌ಐವಿ ಕಾಯ್ದೆ ಗುಟ್ಟು ಕಾಯಿರಿ, ಚಿಕಿತ್ಸೆ ನಿರಾಕರಿಸಬೇಡಿ ಎನ್ನುತ್ತದೆ. ಫೈಲಿನ ಮೇಲೆ ಕೆಂಪು ಗೆರೆ ಎಳೆಯಬೇಡಿ, "ಹುಬ್ಬಳ್ಳಿಗೆ ಹೋಗ್ರಿ" ಎಂದು ಬಾಗಿಲು ತೋರಿಸಬೇಡಿ. ಎಲ್ಲ ರೋಗಿಗೂ ಒಂದೇ ಎಚ್ಚರ ವಹಿಸಿದರೆ ಯಾರಿಗೂ ಹೆದರಬೇಕಿಲ್ಲ. ಹೆಣ್ಣುಮಕ್ಕಳನ್ನು ಪರೀಕ್ಷಿಸುವಾಗ ಪರದೆ ಇರಲಿ, ಒಬ್ಬ ನರ್ಸ್ ಜೊತೆಗಿರಲಿ. ರೋಗಿಯ ಫೋಟೋವನ್ನು ಒಪ್ಪಿಗೆಯಿಲ್ಲದೆ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಬೇಡಿ. ಚಿಕಿತ್ಸೆಗೆ ಮುಂಚೆ, ಆಮೇಲೆ ಎಂದು ರೀಲ್ಸ್ ಮಾಡಿ ಗಿರಾಕಿ ಕರೆಯುವುದು ವೈದ್ಯರಿಗೆ ಶೋಭೆಯಲ್ಲ, ನಿಯಮವೂ ಒಪ್ಪುವುದಿಲ್ಲ.

ಸ್ಕ್ಯಾನಿಂಗ್ ಡಾಕ್ಟರರೇ, ಗಂಡೋ ಹೆಣ್ಣೋ ಎಂದು ಎಷ್ಟೇ ಹತ್ತಿರದವರು ಕೇಳಿದರೂ ಹೇಳಬೇಡಿ. 1994ರ ಕಾಯ್ದೆಯಂತೆ ಬಾಯಿಮಾತೂ ಅಪರಾಧ, ಸನ್ನೆಯೂ ಅಪರಾಧ. 2023ರ ಕೊನೆಗೆ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ನಡೆಸಿದ ಭ್ರೂಣಹತ್ಯೆಯ ಜಾಲ ಬಯಲಾದಾಗ ನಾಡೇ ತಲೆತಗ್ಗಿಸಿತು. ಫಾರಂ ಎಫ್ ಅನ್ನು ಕಾಗದದ ಕಾಟ ಎಂದುಕೊಳ್ಳದೆ ಪೂರ್ತಿ ತುಂಬಿ.

ಇನ್ನು ತುರ್ತು. ಕುಷ್ಟಗಿಯ ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಲಾರಿ ಬಡಿದವನನ್ನು ನಡುರಾತ್ರಿ ನಿಮ್ಮ ಬಾಗಿಲಿಗೆ ತಂದರೆ ಮೊದಲು ರಕ್ತ ನಿಲ್ಲಿಸಿ, ಉಸಿರು ನೋಡಿ. ಪೊಲೀಸ್ ಕೇಸು, ಅಡ್ವಾನ್ಸು ಎಲ್ಲ ಆಮೇಲೆ. 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೀಗೆ ಹೇಳಿದೆ, ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೂ ಹೇಳುತ್ತದೆ. ನಿಮ್ಮ ಕೈ ಮೀರಿದ್ದಾದರೆ ಬೇಗ ಕಳಿಸಿ. ಕೊನೆಯ ಗಳಿಗೆಯವರೆಗೆ ಇಟ್ಟುಕೊಂಡು "ಬಳ್ಳಾರಿಗೆ ಒಯ್ಯಿರಿ" ಎನ್ನಬೇಡಿ. ಏನು ಕೊಟ್ಟಿದ್ದೀರಿ, ಎಷ್ಟು ಗಂಟೆಗೆ ಕೊಟ್ಟಿದ್ದೀರಿ ಎಂದು ಬರೆದುಕೊಡಿ, ಅಲ್ಲಿಯ ಡಾಕ್ಟರಿಗೆ ನೀವೇ ಫೋನ್ ಮಾಡಿ. ತಾಲೂಕಿನ ಡಾಕ್ಟರು ನಿಮ್ಮ ಕಡೆ ಕಳಿಸಿದ ರೋಗಿಯ ಬಗ್ಗೆಯೂ ನಿಮ್ಮ ಅಭಿಪ್ರಾಯವನ್ನು ಅವರಿಗೆ ಬರಹದಲ್ಲಿ ತಿಳಿಸಿ. "ಯಾರ್ರೀ ಇದನ್ನ ಕೊಟ್ಟೋರು?" ಎಂದು ರೋಗಿಯ ಮುಂದೆ ಹಣೆ ಚಚ್ಚಿಕೊಳ್ಳಬೇಡಿ. ಮತ್ತೊಂದು ಮಾತು: ಬಿಲ್ಲು ಬಾಕಿ ಇದೆ ಎಂದು ಹೆಣ ತಡೆಯಬೇಡಿ. ಕಾಯ್ದೆ ಇರಲಿ, ಮನುಷ್ಯತ್ವವೇ ಅದನ್ನು ಒಪ್ಪುವುದಿಲ್ಲ.

ಎಷ್ಟು ಎಚ್ಚರವಿದ್ದರೂ ಒಮ್ಮೊಮ್ಮೆ ಕೆಡುಕಾಗುತ್ತದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಸಂಶಯ ಬಿದ್ದದ್ದು ಸಲೈನ್ ಬಾಟಲಿಯ ಮೇಲೆ. ಆದ್ದರಿಂದ ಬಾಟಲಿಯ ಬ್ಯಾಚ್ ನಂಬರ್, ಅವಧಿ ನೋಡಿ ಕೇಸ್ ಶೀಟಿನಲ್ಲಿ ಬರೆಸುವ ಪದ್ಧತಿ ಇಟ್ಟುಕೊಳ್ಳಿ. ಇಬ್ಬರಿಗೆ ಒಂದೇ ತರಹ ತೊಂದರೆಯಾದರೆ ಕೂಡಲೇ ನಿಲ್ಲಿಸಿ, ಮೇಲಿನವರಿಗೆ ತಿಳಿಸಿ. ಏನೇ ಆದರೂ ದಾಖಲೆ ತಿದ್ದಬೇಡಿ. ಅದನ್ನು ಮೂರು ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಪ್ರತಿ ಕೊಡಬೇಕು. ಹಿಂಬಾಗಿಲಿನಿಂದ ತಪ್ಪಿಸಿಕೊಳ್ಳದೆ ಸಂಬಂಧಿಕರನ್ನು ಎದುರು ಕೂರಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿ. ನಿಮ್ಮ ಮೇಲೆ ಕೈ ಮಾಡಿದವರಿಗೆ ಶಿಕ್ಷೆ ಕೊಡಲು 2009ರ ಕಾಯ್ದೆ ಇದೆ, ಅದು ಇರಲೇಬೇಕು. ಆದರೆ ಮುಂಚಿನಿಂದ ಬಾಯಿಬಿಟ್ಟು ಮಾತಾಡಿದ ಡಾಕ್ಟರರ ಕಡೆ ಊರೇ ನಿಲ್ಲುತ್ತದೆ.

ನಿಮ್ಮ ಕಷ್ಟವೂ ನನಗೆ ಗೊತ್ತು. ಯಂತ್ರದ ಸಾಲದ ಕಂತು, ರಾತ್ರಿಯ ಕರೆ, ಮಕ್ಕಳ ಶಾಲೆಗೆ ಮನೆ ಹುಬ್ಬಳ್ಳಿಯಲ್ಲಿ, ನೀವು ಇಲ್ಲಿ. ನ್ಯಾಯವಾದ ಫೀ ತಗೊಳ್ಳಿ, ಅದಕ್ಕೆ ನಾಚಬೇಡಿ. ವಾರಕ್ಕೊಂದು ದಿನವಾದರೂ ಕಣ್ತುಂಬ ನಿದ್ದೆ ಮಾಡಿ, ದಣಿದ ಕೈಯಲ್ಲಿ ಕತ್ತರಿ ಹಿಡಿಯಬೇಡಿ. ಐದು ವರ್ಷಕ್ಕೆ 30 ಗಂಟೆ ಹೊಸ ಕಲಿಕೆ ಎಂಬ ನಿಯಮವಿದೆ. ಹೋಗಿ ಸಹಿ ಹಾಕಿ ಊಟ ಮಾಡಿ ಬರದೆ ಕೂತು ಕಲಿಯಿರಿ. ಹತ್ತು ಕಟ್ಟುವಲ್ಲಿ ಒಂದು ಮುತ್ತು ಕಟ್ಟು ಎಂದಿದ್ದಾರೆ ಹಿರಿಯರು. ದಿನಕ್ಕೆ ನೂರು ಮಂದಿಯನ್ನು ನೋಡಿ ಕಳಿಸುವುದಕ್ಕಿಂತ ಐವತ್ತು ಮಂದಿಯನ್ನು ಸರಿಯಾಗಿ ನೋಡಿದರೆ ಉಳಿದ ಐವತ್ತು ಮಂದಿ ನಾಳೆ ತಾವಾಗಿ ನಿಮ್ಮನ್ನೇ ಹುಡುಕಿಕೊಂಡು ಬರುತ್ತಾರೆ.

ಎಲ್ಲವನ್ನೂ ಒಂದೇ ದಿನಕ್ಕೆ ಸರಿಮಾಡಿ ಎನ್ನುವುದಿಲ್ಲ. ಈ ಸೋಮವಾರ ಫೀ ಬೋರ್ಡು ಬರೆಸಿ. ಈ ವಾರದಲ್ಲೇ ಲ್ಯಾಬಿನವರನ್ನು ಕರೆದು "ನನಗೆ ಕೊಡೋದನ್ನ ರೋಗಿಯ ಬಿಲ್ಲಿನಾಗ ಕಡಿಮಿ ಮಾಡ್ರಿ" ಎಂದು ಹೇಳಿ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ. ತಿಂಗಳಿಗೊಮ್ಮೆ ನಾಲ್ಕೂ ಊರಿನ ತಜ್ಞರು ಒಂದು ಕಡೆ ಸೇರಿ, ಆ ತಿಂಗಳು ಮಾಡಿದ ದೊಡ್ಡ ಆಪರೇಷನ್‌ಗಳಲ್ಲಿ ಬೇಕಿದ್ದವೆಷ್ಟು, ಬೇಡದವೆಷ್ಟು ಎಂದು ನಿಮ್ಮ ನಿಮ್ಮಲ್ಲೇ ಮುಚ್ಚುಮರೆಯಿಲ್ಲದೆ ಮಾತಾಡಿಕೊಳ್ಳಿ. ಕೌನ್ಸಿಲ್ಲು ಕೇಳುವ ಮುಂಚೆ, ಕೋರ್ಟು ಕೇಳುವ ಮುಂಚೆ ನೀವೇ ಒಬ್ಬರನ್ನೊಬ್ಬರು ಕೇಳಿಕೊಂಡರೆ ಈ ಜಿಲ್ಲೆಯ ಜನ ನೆಮ್ಮದಿಯಿಂದ ನಿಮ್ಮ ಕೈಗೆ ಮೈ ಒಪ್ಪಿಸುತ್ತಾರೆ. ಹೇಳುವುದನ್ನು ಹೇಳಿದ್ದೇನೆ, ಮಾಡುವುದು ನಿಮಗೆ ಸೇರಿದ್ದು. ಮಾಡುತ್ತೀರಿ ಎಂಬ ಭರವಸೆ ನನಗಿದೆ.